ಸೋಪು ಹಾಕಬಾರದ ಕಲೆ

ನಮ್ಮ ಮನೆಯಲ್ಲಿ ಕಾರಿನ ಕಲೆ ತೆಗೆಯುವುದು ನನ್ನ ಕೆಲಸ, ಕಲೆ ಕಂಡು ಬೈಯುವುದು ನನ್ನ ಗಂಡನ ಕೆಲಸ. ಇಬ್ಬರೂ ನಮ್ಮ ನಮ್ಮ ಕೆಲಸದಲ್ಲಿ ಚೆನ್ನಾಗಿಯೇ ಪಳಗಿದ್ದೆವು. ಅವರು ತೋಲ್ಪೆಟ್ಟಿಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು, ಏಳು ಸೀಟಿನ ಬಿಳಿ ಗಾಡಿ. ಹೊರಗೆ ಎಷ್ಟು ಕೆಸರು ಮೆತ್ತಿದರೂ ಅವರಿಗೆ ಚಿಂತೆಯಿಲ್ಲ. ಒಳಗೆ, ಸೀಟಿನ ಬಟ್ಟೆಗೋ ಕಾಲಡಿಯ ಕಾರ್ಪೆಟ್ಟಿಗೋ ಒಂದು ಹನಿ ಏನಾದರೂ ಬಿದ್ದರೆ ಮನೆ ಮುಟ್ಟುವಷ್ಟರಲ್ಲಿ ಮುಖ ಊದಿರುತ್ತಿತ್ತು. ಗಾಡಿ ನಿಲ್ಲಿಸಿ ಇಳಿಯುವ ಮೊದಲೇ ಕೂಗು ಕೇಳುತ್ತಿತ್ತು. ನಾನು ಒಲೆಯ ಮೇಲಿನದನ್ನು ಇಳಿಸಿ ಬಕೆಟ್ಟು ಹಿಡಿದುಕೊಂಡು ಹೊರಡುತ್ತಿದ್ದೆ.

ನಾನು ಹುಟ್ಟಿದ್ದು ಗಡಿಯ ಆಚೆ, ಕರ್ನಾಟಕದಲ್ಲಿ. ಹತ್ತನೆಯ ತರಗತಿ ತನಕ ಕನ್ನಡ ಶಾಲೆಯಲ್ಲಿ ಓದಿದವಳು. ಮದುವೆಯಾಗಿ ಈಚೆಗೆ, ಮಲಯಾಳದ ಸೀಮೆಗೆ ಬಂದಾಗ ಇವರ ಮಾತು ಕೇಳಿ ನಗು ಬರುತ್ತಿತ್ತು. ತಲೆಮಾರುಗಳ ಹಿಂದೆ ಕರ್ನಾಟಕದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿಕೊಂಡ ಜನ; ಮನೆಯಲ್ಲಿ ಕನ್ನಡವೇ, ಆದರೆ ಗಾಡಿಗೆ ವಂಡಿ ಎನ್ನುತ್ತಾರೆ, ಬೂದಿಗೆ ಚಾರ ಎನ್ನುತ್ತಾರೆ, ಕಲೆಗೆ ಕರೆ ಎನ್ನುತ್ತಾರೆ. ನನಗೆ ಕರೆ ಎಂದರೆ ಯಾರೋ ಕೂಗಿದ ಹಾಗೆ. "ವಂಡೀಲಿ ಕರೆ ಆಗಿದೆ" ಎಂದು ಗಂಡ ಮೊದಲ ಸಲ ಹೇಳಿದಾಗ ನಾನು ಯಾರು ಕರೆದರು ಎಂದು ರಸ್ತೆ ನೋಡಿದ್ದೆ. ಅದನ್ನು ಅವರು ಬದುಕಿರುವ ತನಕ ಬಂದವರಿಗೆಲ್ಲ ಹೇಳಿ ನಗಿಸಿದರು.

ಕರ್ನಾಟಕದ ಕಡೆಯಿಂದ ಕುಟ್ಟದ ತನಕ ಬಸ್ಸಿನಲ್ಲಿ ಬಂದು, ತಿರುನೆಲ್ಲಿಗೆ ಅಸ್ಥಿ ಬಿಡಲು ಹೋಗುವವರು ಕನ್ನಡ ಬರುವ ಡ್ರೈವರನ್ನು ಹುಡುಕುತ್ತಾರೆ. ದುಃಖದಲ್ಲಿರುವವರಿಗೆ ಬೇರೆ ಭಾಷೆಯಲ್ಲಿ ದಾರಿ ಕೇಳುವುದು ಬೇಡವಾಗಿರುತ್ತದೆ. ಹಾಗಾಗಿ ನಮ್ಮ ಗಾಡಿಗೆ ಇಂಥ ಬಾಡಿಗೆಯೇ ಜಾಸ್ತಿ. ನನ್ನ ಗಂಡನದು ಅದರಲ್ಲೂ ಒಂದು ಕಟ್ಟಳೆ ಇತ್ತು. ಕೆಂಪು ಬಟ್ಟೆ ಸುತ್ತಿದ ಅಸ್ಥಿಯ ಮಡಕೆಯನ್ನು ಡಿಕ್ಕಿಯಲ್ಲಿ ಇಡುವ ಹಾಗಿಲ್ಲ, ಕಾಲಡಿ ಇಡುವ ಹಾಗಿಲ್ಲ, ಯಾರಾದರೂ ಮಡಿಲಲ್ಲಿ ಹಿಡಿದೇ ಕೂರಬೇಕು. "ಅವ್ರೂ ಒಬ್ರು ಪ್ಯಾಸೆಂಜರೇ. ಕಾಲಡೀಲಿ ಕೂರ್ಸೋಕಾಗುತ್ತಾ?" ಎನ್ನುತ್ತಿದ್ದರು. ತಲೆ ಎಣಿಸುವಾಗ ಮಡಕೆಯನ್ನೂ ಸೇರಿಸಿ ಎಣಿಸುತ್ತಿದ್ದರು. ಸಂಜೆ ಮನೆಗೆ ಬಂದಾಗ ಅತ್ತೆ ಜಗಲಿಯಿಂದಲೇ, "ಇಳ್ಸಿ ಬಂದ್ಯಾ?" ಎಂದು ಕೇಳುವುದು, ಇವರು "ಇಳ್ಸಿ ಬಂದೆ" ಎನ್ನುವುದು. ಹೊಸದರಲ್ಲಿ ಅದನ್ನು ಕೇಳಿ ನನಗೆ ಮೈ ಜುಮ್ಮೆನ್ನುತ್ತಿತ್ತು. ಆಮೇಲೆ ಊಟ ಆಯಿತಾ ಎಂದು ಕೇಳಿದಷ್ಟೇ ಸಹಜವಾಗಿ ಹೋಯಿತು.

ಅವರನ್ನು ಇಳಿಸಿ ಬಂದ ಗಾಡಿ ಆಮೇಲೆ ನನ್ನ ಪಾಲಿಗೆ ಬರುತ್ತಿತ್ತು. ಒದ್ದೆ ಪಂಚೆಯಲ್ಲಿ ಕೂತವರ ನೀರಿನ ಗುರುತು, ಎಳ್ಳು, ಎಣ್ಣೆ, ಕುಂಕುಮ, ಬಾಳೆಯ ಕರೆ, ತಿರುವಿನ ರಸ್ತೆಯಲ್ಲಿ ಮಕ್ಕಳು ಕಕ್ಕಿದ್ದು. ಅಳುವವರು ಎಷ್ಟೊಂದು ಚೆಲ್ಲುತ್ತಾರೆ ಎಂಬುದು ಗಾಡಿ ತೊಳೆಯದವರಿಗೆ ಗೊತ್ತಾಗುವುದಿಲ್ಲ.

ಈ ಕೆಲಸದಲ್ಲಿ ನನಗೆ ಮೊದಲ ಪಾಠ ಹೇಳಿದ್ದು ಅತ್ತೆ. ಮದುವೆಯ ದಿಬ್ಬಣದವರು ಯಾರೋ ಸಾಂಬಾರಿನ ಪಾತ್ರೆಯನ್ನು ಹಿಂದಿನ ಸೀಟಿನ ಮೇಲೆ ಮಗುಚಿ ಹೋಗಿದ್ದರು. ಹೊಸ ಸೊಸೆ, ಕೈಚಳಕ ತೋರಿಸುವ ಆಸೆ. ಸೋಪು ಹಚ್ಚಿ ಗಸಗಸ ಉಜ್ಜಿದೆ. ಹಳದಿ ಇದ್ದದ್ದು ನೋಡುತ್ತಿದ್ದಂತೆ ಕೆಂಪಾಯಿತು. ಉಜ್ಜಿದಷ್ಟೂ ಕೆಂಪು. ಗಂಡ ಬಂದು ನೋಡಿ, ಸಾಂಬಾರಿನ ಕರೆ ತೆಗೆ ಎಂದರೆ ನೆತ್ತರು ಮಾಡಿಟ್ಟಿದ್ದಾಳೆ ಎಂದು ಕುಣಿದಾಡಿದರು. ಅತ್ತೆ ಜಗಲಿ ಇಳಿದು ಬಂದರು, ಸೀಟನ್ನು ಬೆರಳಲ್ಲಿ ಮುಟ್ಟಿ ಮೂಸಿ ನೋಡಿದರು.

"ಅರಿಶಿನಕ್ಕೆ ಸೋಪು ಹಾಕ್ಬೇಡ, ಹೆಣ್ಣೇ," ಎಂದರು. "ಸೋಪೂ ಒಂದೇ, ಸುಣ್ಣವೂ ಒಂದೇ, ಚಾರವೂ ಒಂದೇ. ಅರಿಶಿನಕ್ಕೆ ತಾಗಿದ್ರೆ ಕೆಂಪೇ."

ಆರತಿಯ ನೀರಿಗೆ ಅರಿಶಿನ, ಸುಣ್ಣ ಕದಡಿ ಕೆಂಪು ಮಾಡುವುದು ನನಗೇನು ಗೊತ್ತಿಲ್ಲದ್ದಲ್ಲ. ಸೀಟಿನ ಮೇಲೆ ಅದು ನೆನಪಾಗಲಿಲ್ಲ, ಅಷ್ಟೆ. ಅತ್ತೆಯ ಕಾಲದಲ್ಲಿ ಬಟ್ಟೆ ಒಗೆಯುತ್ತಿದ್ದದ್ದೇ ಒಲೆಯ ಬೂದಿಯಲ್ಲಂತೆ, ಹಾಗಾಗಿ ಅವರಿಗೆ ಅದರ ಗುಣ ಬಾಯಿಪಾಠ. ಒಂದು ನಿಂಬೆಹಣ್ಣು ತಂದು ಹಿಂಡಿದರು. ಕೆಂಪು ಮತ್ತೆ ಹಳದಿಯಾಯಿತು. ಹಳದಿಯನ್ನು ಬಿಸಿಲಿಗೆ ಬಿಡು, ಅದೇ ತಿಂದುಕೊಳ್ಳುತ್ತದೆ ಎಂದು ಹೇಳಿ ಒಳಗೆ ಹೋದರು.

ಬರಬರುತ್ತ ಸ್ಟ್ಯಾಂಡಿನ ಉಳಿದ ಗಾಡಿಗಳೂ ನಮ್ಮ ಅಂಗಳಕ್ಕೆ ಬರತೊಡಗಿದವು. ರಸ್ತೆ ಬದಿಗೆ ಒಂದು ಶೀಟಿನ ಚಪ್ಪರ ಹಾಕಿಕೊಂಡೆವು, ವ್ಯಾಕ್ಯೂಮ್ ಮಿಷಿನ್ ಬಂತು. ಬಂದವರಿಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ ಮಾತು: ಆದಷ್ಟು ತೆಗೆಯುತ್ತೇನೆ, ಪೂರ್ತಿ ಹೋಗುತ್ತದೆ ಎಂದು ಹೇಳುವುದಿಲ್ಲ. ಪೂರ್ತಿ ಹೋಗುತ್ತದೆ ಎಂದು ಹೇಳುವವರು ಒಂದೋ ಸುಳ್ಳು ಹೇಳುತ್ತಾರೆ, ಇಲ್ಲವೇ ಬಟ್ಟೆಯನ್ನೇ ಸುಡುತ್ತಾರೆ.

ಕಾಫಿ ಕುಯ್ಲು ಮುಗಿದ ಸಮಯದಲ್ಲಿ ನನ್ನ ಗಂಡ ತೀರಿಕೊಂಡರು. ಬೆಳಗ್ಗೆ ಅದೇ ಚಪ್ಪರದಲ್ಲಿ ಬಾನೆಟ್ ತೆರೆದು ನೀರು ನೋಡುತ್ತಿದ್ದವರು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರು. ಅವರ ತಮ್ಮ, ನನ್ನ ಮೈದುನ, ಬೇಗೂರಿನಲ್ಲಿ ಇರುವವನು, ಅವತ್ತು ಇಲ್ಲೇ ಇದ್ದ. ಅವನೇ ಓಡಿಸಿದ. ಹಿಂದಿನ ಸೀಟಿನಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕೂತಿದ್ದೆ. ರಸ್ತೆಯ ಉಬ್ಬು, ಹಂಪು ಬಂದಾಗ "ಮೆಲ್ಲಗೆ" ಎಂದು ತಮ್ಮನಿಗೆ ಹೇಳಿದ್ದು ಅವರ ಕೊನೆಯ ಮಾತು. ನನಗೆ ಹೇಳಿದ್ದಲ್ಲ. ಮಾನಂದವಾಡಿ ಮುಟ್ಟುವ ಮೊದಲೇ ತೊಡೆಯ ಮೇಲಿನ ಭಾರ ಬೇರೆಯಾಯಿತು. ವಾಂತಿ ಇಲ್ಲ, ನೆತ್ತರಿಲ್ಲ, ಬೆವರು ಬಿಟ್ಟರೆ ಸೀಟಿಗೆ ಒಂದು ಹನಿ ಬೀಳಲಿಲ್ಲ. ತನ್ನ ಗಾಡಿಗೆ ತಾನು ಕಲೆ ಮಾಡದೆ ಹೋದರು ಎಂದು ಆ ಹೊತ್ತಿನಲ್ಲೂ ನನಗೆ ಅನ್ನಿಸಿತು. ಮನಸ್ಸು ಎಂಥ ನಾಚಿಕೆಗೆಟ್ಟದ್ದು.

ನಮಗೆ ಮಕ್ಕಳಿಲ್ಲ. ನಮ್ಮ ಜಮೀನಿನ ಮೂಲೆಯಲ್ಲೇ ಸುಟ್ಟರು, ಕರ್ಮವೆಲ್ಲ ಮೈದುನನೇ ಮಾಡಿದ. ಅಸ್ಥಿ ಬಿಡಲು ಬೇರೆ ಡ್ರೈವರನ್ನು ಕರೆ, ಮಡಕೆ ನೀನೇ ಹಿಡಿದುಕೋ ಎಂದು ಅತ್ತೆ ಹೇಳಿ ನೋಡಿದರು. ಅಣ್ಣನನ್ನು ಅಣ್ಣನ ಗಾಡಿಯಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಅವನು ಹಠ ಹಿಡಿದ. ಹಾಗಾಗಿ ಮಡಕೆ ಹಿಡಿದು ಹಿಂದೆ ಕೂತವನು ಅವರ ದೊಡ್ಡಪ್ಪನ ಮಗ, ಕುಟ್ಟದ ಕಡೆಯವನು. ನಮ್ಮ ಮನೆತನದಲ್ಲಿ ಹೆಂಗಸರು ಅಸ್ಥಿಯ ಜೊತೆ ಹೊಳೆಗೆ ಹೋಗುವುದಿಲ್ಲ. ಅತ್ತೆ ಮತ್ತು ನಾನು ಗೇಟಿನ ತನಕ ಹೋಗಿ ನಿಂತೆವು. ಗಾಡಿ ತಿರುವು ದಾಟಿತು.

ಹೊಳೆಯಿಂದ ಬಂದವರು ಮೈಮೇಲೆ ಅರಿಶಿನದ ನೀರು ಚಿಮುಕಿಸಿಕೊಂಡೇ ಒಳಗೆ ಬರಬೇಕು. ಅತ್ತೆ ತಂಬಿಗೆಯಲ್ಲಿ ಗಟ್ಟಿಯಾಗಿ ಕದಡಿ, ಮಾವಿನೆಲೆ ಹಾಕಿ ಗೇಟಿನ ಕಂಬದ ಮೇಲೆ ಇಟ್ಟಿದ್ದರು. ಮಧ್ಯಾಹ್ನ ಗಾಡಿ ಬಂತು. "ಇಳ್ಸಿ ಬಂದ್ಯಾ?" ಎಂದು ಅತ್ತೆ ಕೇಳಿದರು, ಮಗನ ವಿಷಯಕ್ಕೆ ಆ ಮಾತು ಹೇಗೆ ಬಾಯಿಗೆ ಬಂತೋ. ಮೈದುನ ಮುಖ ನೋಡದೆ "ಹೂಂ ಅಮ್ಮ" ಎಂದ. ಅವನೂ ಆ ದಾಯಾದಿಯೂ ನೀರು ಚಿಮುಕಿಸಿಕೊಂಡರು. ಆಮೇಲೆ ಮೈದುನ ತಂಬಿಗೆಯನ್ನು ಗಾಡಿಯ ಹಿಂದಿನ ಬಾಗಿಲ ಹತ್ತಿರ ಒಯ್ದದ್ದನ್ನು ಕಂಡೆ. ಗಾಡಿಗೂ ಶುದ್ಧ ಮಾಡುತ್ತಿದ್ದಾನೆ, ಒಳ್ಳೆಯದೇ ಎಂದುಕೊಂಡೆ. ಖಾಲಿ ತಂಬಿಗೆ ವಾಪಸ್ಸು ತಂದ.

ಸೂತಕದ ದಿನಗಳೆಲ್ಲ ಮುಗಿದು ನೆಂಟರು ಹೋದರು. ಇನ್ನು ಗಾಡಿ ಮೈದುನ ಓಡಿಸುವುದೆಂದು ಮಾತಾಗಿತ್ತು. ಅವತ್ತು ಬೆಳಗ್ಗೆ ಬಂದವನು, ಒಳಗೆಲ್ಲ ಕ್ಲೀನ್ ಮಾಡಿಸಬೇಕು, ಮಾನಂದವಾಡಿಗೆ ಒಯ್ಯುತ್ತೇನೆ ಎಂದ.

ನನಗೆ ತಲೆ ಕೆಟ್ಟಿತು. ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದರಂತೆ. ಇಡೀ ಸ್ಟ್ಯಾಂಡಿನ ಗಾಡಿಗಳು ನನ್ನ ಅಂಗಳಕ್ಕೆ ಬರುವಾಗ ನಮ್ಮ ಗಾಡಿ ಬೇರೆಯವರ ಅಂಗಳಕ್ಕೆ ಹೋಗಬೇಕೆ? ಗಂಡ ಹೋದದ್ದಕ್ಕೆ ನನ್ನ ಕೈಯೂ ಬಿದ್ದುಹೋಯಿತು ಎಂದುಕೊಂಡನೆ? ಕೀಲಿ ಕಿತ್ತುಕೊಂಡು ಹೋಗಿ ಹಿಂದಿನ ಬಾಗಿಲು ತೆಗೆದೆ. ಅವನು "ಬೇಡ ಅತ್ತಿಗೆ, ಬೇಡ" ಎನ್ನುತ್ತ ಹಿಂದೆಯೇ ಬಂದ. ಕಾಲಡಿಯ ರಬ್ಬರ್ ಮ್ಯಾಟು ಸೊಟ್ಟಗೆ ಬಿದ್ದಿತ್ತು. ಎತ್ತಿದೆ.

ಕೆಳಗೆ ಕಾರ್ಪೆಟ್ಟು ಮೊರದಗಲ ಕೆಂಪಾಗಿತ್ತು.

ನೆತ್ತರು ಎಂದುಕೊಂಡೆ, ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಕಣ್ಣು ಕೆಲಸ ಮಾಡಿತು. ನೆತ್ತರು ಒಣಗಿದರೆ ಕಪ್ಪಾಗುತ್ತದೆ. ಇದು ಇಟ್ಟಿಗೆಯ ಕೆಂಪು, ಅಂಚಿನಲ್ಲಿ ಹಳದಿ. ಅರಿಶಿನ. ಅರಿಶಿನ ಕೆಂಪಾಗಬೇಕಾದರೆ ಸೋಪು ತಾಗಬೇಕು, ಇಲ್ಲವೇ ಸುಣ್ಣ, ಇಲ್ಲವೇ ಚಾರ. ಸೋಪು ಹಾಕುವವಳು ನಾನು, ನಾನು ಹಾಕಿಲ್ಲ. ಈ ಗಾಡಿಗೆ ಎಲೆಯಡಿಕೆ ಹಾಕುವವರನ್ನು ಅವರು ಹತ್ತಿಸುತ್ತಲೇ ಇರಲಿಲ್ಲ, ಸುಣ್ಣ ಬರಲು ದಾರಿಯಿಲ್ಲ. ಕೆಂಪಿನ ನಡುವೆ ಬೂದುಬಣ್ಣದ ಹರಳು ಹರಳು ಕಂಡಿತು. ಬೆರಳು ಮುಂದೆ ಹೋಗಲಿಲ್ಲ. ಅವರು ಹೊಳೆಯಲ್ಲಿ ಇಲ್ಲ, ಇಲ್ಲಿದ್ದಾರೆ. ಮ್ಯಾಟಿನ ಕೆಳಗೆ, ಕಾಲಡಿಯಲ್ಲಿ.

ನಾನು ಏನೂ ಕೇಳುವ ಮೊದಲೇ ಮೈದುನ ಹೇಳಿಬಿಟ್ಟ. ಕಾಡಿನ ದಾರಿಯಲ್ಲಿ ದಾಯಾದಿಯ ಫೋನು ಬಡಿದುಕೊಂಡಿತು. ಅದನ್ನು ಜೇಬಿನಿಂದ ತೆಗೆಯಲು ಅವನು ಮಡಕೆಯನ್ನು ಕಾಲ ನಡುವೆ ಇಟ್ಟ. ಅಷ್ಟರಲ್ಲಿ, ಪ್ರಾಣಿಗಳು ದಾಟುವ ಜಾಗವೆಂದು ಹಾಕಿರುವ ಹಂಪು. ಒಂದು ಕರೆ ಬಂದದ್ದಕ್ಕೆ ಇನ್ನೊಂದು ಕರೆ ಆಯಿತು. ನನ್ನ ಗಂಡ ಇದ್ದಿದ್ದರೆ ಈ ಮಾತನ್ನು ಅವರೇ ಆಡುತ್ತಿದ್ದರು. ಇಬ್ಬರೂ ಕೈಯಿಂದ ಬಳಿದು ಆದಷ್ಟನ್ನು ಮಡಕೆಗೆ ತುಂಬಿಸಿ ಹೊಳೆಗೆ ಬಿಟ್ಟು ಬಂದರು. ಉಳಿದದ್ದು ಕಾರ್ಪೆಟ್ಟಿನ ಎಳೆಯೊಳಗೆ ಕೂತಿತ್ತು.

"ಅಮ್ಮ ಇಟ್ಟಿದ್ದ ಅರಿಶಿನದ ನೀರು ಸುರಿದೆ, ಅತ್ತಿಗೆ. ಶುದ್ಧ ಆಗ್ಲಿ ಅಂತ," ಎಂದ. "ಕಣ್ಮುಂದೇನೇ ಕೆಂಪಾಗೋಯ್ತು. ಅಣ್ಣನ ನೆತ್ರು ಅಂದ್ಕೊಂಡೆ. ನಂಗೆ ಪೇಡಿ ಆಗೋಯ್ತು."

ಪೇಡಿ ಎಂದರೆ ಮಲಯಾಳದಲ್ಲಿ ಹೆದರಿಕೆ. ಅಷ್ಟು ದಿನ ಆ ಕೆಂಪನ್ನು ನೆತ್ತರೆಂದೇ ನಂಬಿ, ಅಣ್ಣನ ಸಿಟ್ಟೆಂದು ನಂಬಿ, ಹೊಟ್ಟೆಯಲ್ಲಿ ಇಟ್ಟುಕೊಂಡು ಕರ್ಮ ಮುಗಿಸಿದ್ದ. ಬಳಿದುಕೊಂಡಾಗ ಒಣಗಿಯೇ ಇತ್ತಲ್ಲ, ಹಾಗೇ ತಂದು ನನ್ನ ಮುಂದೆ ನಿಲ್ಲಿಸಿದ್ದರೆ ಬ್ರಷ್ಷಿನಲ್ಲಿ ಒಂದೊಂದು ಕಣ ತೆಗೆಯುತ್ತಿದ್ದೆ. ನೀರು ಹಾಕಿ ಕೂರಿಸಿಬಿಟ್ಟ. ಒಣ ಬೂದಿಗೆ ನೀರು ಬಿದ್ದರೆ ಮೆತ್ತಿಕೊಳ್ಳುತ್ತದೆ ಎಂದು ಪಾತ್ರೆ ತಿಕ್ಕುವ ಮಗುವಿಗೂ ಗೊತ್ತು. ಬೈಯಬೇಕೆಂದು ಬಾಯಿ ತೆಗೆದೆ. ಅವನ ಮುಖ ನೋಡಿ, "ಅದು ನೆತ್ತರಲ್ಲ, ಅರಿಶಿನ. ಹೋಗಿ ನೀರು ಕಾಯಿಸು," ಎಂದೆ.

ಕಾರ್ಪೆಟ್ಟಿನ ಅಷ್ಟು ಭಾಗ ಕತ್ತರಿಸಿ ಹೊಳೆಗೆ ಹಾಕಿಬಿಡೋಣ ಎಂದು ಅವನು ಹೇಳಿದ. ಪ್ಲಾಸ್ಟಿಕ್ ಎಳೆಯ ಜೊತೆಗೆ ಅವರನ್ನು ನೀರಿಗೆ ಎಸೆಯುವುದು ನನಗೆ ಒಪ್ಪಲಿಲ್ಲ. ವ್ಯಾಕ್ಯೂಮ್ ಮಿಷಿನ್ ಅಲ್ಲೇ ಇತ್ತು. ಅದರ ಚೀಲದಲ್ಲಿ ಊರವರ ಬಿಸ್ಕತ್ತಿನ ಪುಡಿ, ಕೂದಲು, ಚಪ್ಪಲಿಯ ಮಣ್ಣು. ಅದನ್ನು ಮುಟ್ಟಲಿಲ್ಲ. ಚಪ್ಪರದ ಕೆಳಗೆ ತೊಳೆದರೆ ನೀರು ಆಯಿಲಿನ ಜೊತೆ ಚರಂಡಿಗೆ ಹೋಗುತ್ತದೆ. ಅದೂ ಆಗದು. ಹಾಗಾಗಿ ಉಜ್ಜದೆ, ಸೋಪಿಲ್ಲದೆ, ಬೆಚ್ಚಗಿನ ನೀರಿನಲ್ಲಿ ಹಳೆಯ ಬಿಳಿ ಪಂಚೆ ಅದ್ದಿ, ಕಲೆಯ ಮೇಲೆ ಒತ್ತಿ ಹಿಡಿದು, ಹೀರಿಕೊಂಡದ್ದನ್ನು ಬಕೆಟ್ಟಿಗೆ ಹಿಂಡುತ್ತ ಹೋದೆ. ಪಂಚೆ ಅವರದೇ.

ಅಂಗಳಕ್ಕೆ ಬಂದ ಬಾಡಿಗೆ ಗಾಡಿಯಾಗಿದ್ದರೆ ನನಗೆ ಇದು ಅರ್ಧ ದಿನದ ಕೆಲಸ. ಮಂಡಿಯೂರಿ ಕೂತು ಒತ್ತುವುದು, ಹಿಂಡುವುದು, ಒತ್ತುವುದು. ಬಕೆಟ್ಟಿನ ನೀರು ಬೂದಿಗೆಂಪಾಗಿ, ತಳದಲ್ಲಿ ಸಣ್ಣ ರವೆಯಂಥದ್ದು ಕೂರತೊಡಗಿತು. ಕಾರ್ಪೆಟ್ಟಿನ ಕೆಂಪು ಇಳಿದ ಮೇಲೆ ಹುಳಿ ನೀರು ಬಕೆಟ್ಟಿಗೆ ಸೇರದಿರಲೆಂದು ಬೇರೆ ತಂಬಿಗೆ ಇಟ್ಟುಕೊಂಡು ಕಲೆಯ ಮೇಲೆ ನಿಂಬೆಹಣ್ಣು ಹಿಂಡಿದೆ. ರಸ ಬಿದ್ದಲ್ಲಿ ಸುಯ್ ಎಂದು ಸಣ್ಣ ನೊರೆ ಎದ್ದಿತು. ಹುಳಿ ತಾಗಿದರೆ ಬೂದಿ ನೊರೆಯೇಳುತ್ತದೆ, ನನಗೆ ಗೊತ್ತಿರುವ ವಿಷಯವೇ. ಆದರೂ ಕೈ ಹಿಂದೆ ಬಂತು. ಬದುಕಿದ್ದಾಗ ಕಾರ್ಪೆಟ್ಟಿನ ಮುಂದೆ ನಿಂತು ಬುಸುಗುಟ್ಟುತ್ತಿದ್ದ ಮನುಷ್ಯ. ಅಷ್ಟು ದಿನ ಬಾರದ ಅಳು ಆಗ ಬಂತು, ಗಾಡಿಯೊಳಗೆ ತಲೆ ಹಾಕಿಕೊಂಡಿದ್ದರಿಂದ ಯಾರಿಗೂ ಕಾಣಲಿಲ್ಲ.

ನೊರೆ ಎದ್ದಿತೆಂದರೆ ಇನ್ನೂ ಇದ್ದಾರೆ ಎಂದರ್ಥ. ಮತ್ತೆ ನೀರು, ಮತ್ತೆ ಪಂಚೆ. ಮತ್ತೆ ನಿಂಬೆ, ಮತ್ತೆ ನೊರೆ. ಕಾರ್ಪೆಟ್ಟಿನ ಕೆಳಗೆ ಕಂಬಳಿಯ ಹಾಗೆ ದಪ್ಪನೆಯ ಇನ್ನೊಂದು ಪದರ ಇರುತ್ತದೆ; ಅದು ಕುಡಿದದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ಮೇಲಿನದು ಶುದ್ಧವಾಯಿತು ಎಂದುಕೊಳ್ಳುವಾಗ ಕೆಳಗಿನಿಂದ ಬೂದು ಏರಿ ಬರುತ್ತದೆ. ಬಾಡಿಗೆಯ ಗಾಡಿಯವರಿಗೆ ಹೇಳುವ ಮಾತನ್ನು ನನಗೆ ನಾನೇ ಹೇಳಿಕೊಳ್ಳಬೇಕಾಗಿ ಬಂತು. ಅವರು ಎಲ್ಲರ ಮಡಕೆಯನ್ನೂ ಪೂರ್ತಿ ಇಳಿಸಿ ಬಂದವರು. ಅವರನ್ನು ಇಳಿಸುವುದು ನನ್ನ ಕೈಯಲ್ಲಿ ಆಗದೆ ಹೋದರೆ ಈ ಕೈ ಏನಕ್ಕೆ ಎಂದು ಹಠದಿಂದ ಒತ್ತಿದೆ. ಬೆರಳ ತುದಿಗಳು ಬಿಳುಚಿ ಸುಕ್ಕಾದವು. ಕೊನೆಗೆ ನೊರೆ ಏಳಲಿಲ್ಲ. ಹಳದಿ ಉಳಿಯಿತು. ಆದರೆ ಪಂಚೆಯನ್ನು ಬಲವಾಗಿ ಅದುಮಿದರೆ ಇನ್ನೂ ಒಂದು ಛಾಯೆ ಬೂದು ಹತ್ತುತ್ತಿತ್ತು. ಅಲ್ಲಿಗೆ ನಿಲ್ಲಿಸಿದೆ.

ಅತ್ತೆ ಅಷ್ಟು ಹೊತ್ತೂ ಜಗಲಿಯಲ್ಲೇ ಕೂತಿದ್ದರು. ಏನು ಮಾಡುತ್ತಿದ್ದೀಯೆಂದು ಒಂದು ಸಲವೂ ಕೇಳಲಿಲ್ಲ. ನಿಂಬೆಹಣ್ಣು ಮುಗಿದಾಗ ಒಳಗಿನಿಂದ ಇನ್ನೆರಡು ತಂದು ಮೆಟ್ಟಿಲ ಮೇಲೆ ಇಟ್ಟು ಹೋದರು.

ಬಕೆಟ್ಟಿಗೆ ಪಂಚೆ ಮುಚ್ಚಿ, ಗಾಡಿ ತೆಗೆ ಎಂದು ಮೈದುನನಿಗೆ ಹೇಳಿದೆ. ಹೆಂಗಸರು ಹೋಗುವುದಿಲ್ಲವಲ್ಲ ಅತ್ತಿಗೆ ಎಂದ. ಗಂಡಸರು ಹೋಗಿ ಬಂದದ್ದನ್ನು ನೋಡಿದೆನಲ್ಲ ಎಂದೆ. ಅದೊಂದೇ ಮಾತು ನಾನು ಅವನಿಗೆ ಚುಚ್ಚಿದ್ದು. ಹಿಂದಿನ ಸೀಟಿನಲ್ಲಿ ಕೂತು ಬಕೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡೆ, ತಂಬಿಗೆಯನ್ನು ತೋಳಿನ ಸಂದಿಯಲ್ಲಿ. ಅವನು ಎತ್ತಿನಗಾಡಿಯ ವೇಗದಲ್ಲಿ ಓಡಿಸಿದ. ಹಿಂದಿನಿಂದ ಹಾರ್ನ್ ಹೊಡೆದವರೆಲ್ಲ ಬೈದುಕೊಂಡು ಮುಂದೆ ಹೋದರು. ಎಷ್ಟು ಮೆಲ್ಲಗೆ ಹತ್ತಿಸಿದರೂ ಹಂಪಿನಲ್ಲಿ ಬಕೆಟ್ಟು ತುಳುಕುತ್ತಿತ್ತು, ಸೀರೆಯ ಮಡಿಲು ನೆನೆಯುತ್ತ ಹೋಯಿತು. ಎರಡು ಕೈಯೂ ಬಕೆಟ್ಟಿನ ಮೇಲಿದ್ದವು. ಒರೆಸಿಕೊಳ್ಳಲು ಆಗಲಿಲ್ಲ.

ದೇವಸ್ಥಾನದ ಹತ್ತಿರ ಬಕೆಟ್ಟು ಹಿಡಿದು ಹೋಗಿ ಯಾರಿಗೆ ಏನೆಂದು ಹೇಳಲಿ? ಅದೇ ನೀರು ಕೆಳಗೆ ಇಳಿದು ಬರುವ ಕಡೆ, ರಸ್ತೆಯ ಪಕ್ಕ, ಗಾಡಿ ನಿಲ್ಲಿಸಿದೆವು. ಬೇಸಿಗೆಯ ತೊರೆ, ಪಾದ ಮುಳುಗುವಷ್ಟು ನೀರು. ಸುರಿದದ್ದು ಕೂಡಲೇ ಹೋಗಲಿಲ್ಲ. ಕಲ್ಲುಗಳ ಸಂದಿಯಲ್ಲಿ ಬೂದುಮೋಡವಾಗಿ ನಿಂತು, ಎತ್ತ ಹೋಗಲಿ ಎನ್ನುವ ಹಾಗೆ ಸುತ್ತಿ, ಆಮೇಲೆ ಒಂದು ಎಳೆಯಾಗಿ ಹೊರಟಿತು. ಬಕೆಟ್ಟನ್ನು ತೊರೆಯ ನೀರಿನಲ್ಲೇ ಕದಡಿ ತಳದ ರವೆಯನ್ನೂ ಬಿಟ್ಟೆ. ತಂಬಿಗೆಯನ್ನೂ ಬಗ್ಗಿಸಿದೆ. ಮೈದುನ ಕೈ ಮುಗಿದು ನಿಂತಿದ್ದ. ಮಂತ್ರ ಇಬ್ಬರಿಗೂ ಗೊತ್ತಿರಲಿಲ್ಲ. ಬಕೆಟ್ಟು ಖಾಲಿಯಾಗಲು ಎಷ್ಟು ಹೊತ್ತು ಬೇಕು ಹೇಳಿ. ಅಷ್ಟರಲ್ಲೇ ಮುಗಿಯಿತು.

ಮನೆಗೆ ಬಂದಾಗ ಗೇಟಿನಲ್ಲಿ ಅತ್ತೆ ನಿಂತಿದ್ದರು. ಕೈಯಲ್ಲಿ ಅರಿಶಿನದ ನೀರಿನ ತಂಬಿಗೆ, ಅದರಲ್ಲಿ ಮಾವಿನೆಲೆ. ಯಾರೂ ಅವರಿಗೆ ಏನೂ ಹೇಳಿರಲಿಲ್ಲ.

"ಇಳ್ಸಿ ಬಂದ್ಯಾ?" ಎಂದು ಕೇಳಿದರು.

ಬೇರೆ ಯಾರಿಗಾದರೂ ಹೂಂ ಎಂದುಬಿಡುತ್ತಿದ್ದೆ. ಮೈದುನ ಹಾಗೆ ಅಂದಿದ್ದನ್ನು ಅವರು ಒಮ್ಮೆ ಕೇಳಿಯಾಗಿತ್ತು.

"ಆದಷ್ಟು, ಅತ್ತೆ," ಎಂದೆ.

ಅವರು ಮಾವಿನೆಲೆ ಅದ್ದಿ ನನ್ನ ತಲೆಯ ಮೇಲೆ, ಭುಜದ ಮೇಲೆ, ಮೈಮೇಲೆ ಚಿಮುಕಿಸಿದರು. ಹೆಗಲ ಮೇಲೆ ಬಿದ್ದ ಹನಿಗಳು ಹಳದಿಯಾಗಿಯೇ ಉಳಿದವು. ಬಕೆಟ್ಟು ತುಳುಕಿ ನೆನೆದಿದ್ದ ಮಡಿಲಿನ ಮೇಲೆ ಬಿದ್ದವು ಒಂದೊಂದಾಗಿ ಕೆಂಪಾದವು. ಇಬ್ಬರೂ ನೋಡುತ್ತ ನಿಂತೆವು. ಅದೇನೆಂದು ನಾನು ಅವರಿಗೆ ಹೇಳಬೇಕಾಗಿರಲಿಲ್ಲ, ನನಗೆ ಅದನ್ನು ಕಲಿಸಿದವರೇ ಅವರು. ಅತ್ತೆ ಬಗ್ಗಿ, ಸೀರೆಯ ಒದ್ದೆ ಜಾಗವನ್ನು ಬೆರಳಲ್ಲಿ ಮುಟ್ಟಿದರು. ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

"ಇದಕ್ಕೆ ಸೋಪು ಹಾಕ್ಬೇಡ," ಎಂದು ಹೇಳಿ, ತಂಬಿಗೆ ಎತ್ತಿಕೊಂಡು ಒಳಗೆ ಹೋದರು.